ಏಳು ವರ್ಷಕ್ಕೆ ಏಳು ಇಂಗ್ಲಿಷ್ ಬಿರುದು

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ನನಗೆ ಮೇಲ್ವಿಚಾರಕನ ಹುದ್ದೆ ತಪ್ಪಿದ್ದು ನನ್ನ ಕೆಲಸದಿಂದಲ್ಲ, ತಮ್ಮ ಇಂಗ್ಲಿಷಿನಿಂದ. ಬಡ್ತಿ ಏಕಿಲ್ಲವೆಂದು ಅರ್ಜಿ ಹಾಕಿದ್ದಕ್ಕೆ ತಾವು ನನ್ನ ಬಗ್ಗೆ ಬರೆದ ಏಳು ವರ್ಷದ ಗೋಪ್ಯ ವರದಿಗಳ ನಕಲು ಬಂದವು. ಸ್ಟಬರ್ನ್, ಆಬ್ಸ್ಟಿನೇಟ್, ರಿಜಿಡ್, ಅಡಮಂಟ್, ಮ್ಯೂಲಿಶ್, ಹೆಡ್‌ಸ್ಟ್ರಾಂಗ್, ಇನ್‌ಫ್ಲೆಕ್ಸಿಬಲ್. ವರ್ಷಕ್ಕೊಂದು, ಯಾವುದೂ ಎರಡು ಸಲ ಬಂದಿಲ್ಲ. ಒಬ್ಬ ಲಿಫ್ಟ್ ಮೆಕ್ಯಾನಿಕ್‌ಗಾಗಿ ತಾವು ಇಷ್ಟು ಸಲ ನಿಘಂಟು ತೆರೆದಿರೆಂದರೆ ನಾನು ಧನ್ಯ.

ಇಂಗ್ಲಿಷ್ ಪಾಠ ಹೇಳುವ ಮಗಳು ಒಂದೊಂದನ್ನೇ ಬಿಡಿಸಿ ಹೇಳಿದಳು, ಏಳರ ತಿರುಳೂ ಒಂದೇ. "ಮ್ಯೂಲಿಶ್ ಅಂದ್ರೆ ಹೇಸರಗತ್ತೆ ಥರ ಅಂತ ಅಪ್ಪಾ. ಆದ್ರೆ ಅಡಮಂಟ್ ಅನ್ನೋದಕ್ಕೆ ಹಿಂದೆ ವಜ್ರ ಅಂತ ಅರ್ಥ ಇತ್ತು." ನಾಲ್ಕನೇ ವರ್ಷ ವಜ್ರವಾಗಿದ್ದವನು ಐದನೇ ವರ್ಷಕ್ಕೆ ಹೇಸರಗತ್ತೆಯಾದದ್ದು ಹೇಗೆ ಸ್ವಾಮಿ? ಅಡುಗೆಮನೆಯಿಂದ ಹೆಂಡತಿ, "ಅವರಿಗೆ ಇಷ್ಟೊಂದು ಪದ ಯಾಕೆ ಬೇಕಾಯ್ತೋ. ನಾನು ಮೂವತ್ತು ವರ್ಷದಿಂದ ಹಠಮಾರಿ ಅನ್ನೋ ಒಂದರಲ್ಲೇ ನಿಭಾಯಿಸ್ತಿದೀನಿ" ಎಂದಳು.

ನನ್ನ ಹಠ ಇಷ್ಟೇ. ದಿನಾ ಬೆಳಿಗ್ಗೆ ರೋಗಿಗಳಿಗಿಂತ ಮೊದಲು ಲಿಫ್ಟಿಗೆ ಜನರ ತೂಕದ ಬದಲು ಐದು ಮರಳಿನ ಮೂಟೆ ಹೇರಿ ಮೇಲೆ ಕೆಳಗೆ ಓಡಿಸುತ್ತೇನೆ. ಪ್ರತಿ ಮಹಡಿಯಲ್ಲೂ ನೆಲಕ್ಕೆ ಸಮನಾಗಿ ನಿಂತರೆ ಪುಸ್ತಕದಲ್ಲಿ ಸಹಿ ಹಾಕುತ್ತೇನೆ. ಇಲ್ಲವಾದರೆ ಸಹಿಯೂ ಇಲ್ಲ, ಲಿಫ್ಟೂ ಇಲ್ಲ. ಎರಡನೇ ವರ್ಷ, ಮೇಲಧಿಕಾರಿಗಳು ತಪಾಸಣೆಗೆ ಬಂದ ದಿನವೇ ಅದು ಎರಡು ಬೆರಳು ತಗ್ಗಿ ನಿಂತಿತು.

"ಎರಡು ಬೆರಳು ತಾನೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಪ್ಪ" ಎಂದಿರಿ.

"ನಾನು ಮಾಡ್ಕೋತೀನಿ ಸಾರ್, ಬ್ರೇಕು ಮಾಡ್ಕೊಳ್ಳಲ್ಲ" ಎಂದೆ.

ದೊಡ್ಡವರು ಮೆಟ್ಟಿಲು ಹತ್ತಿದರು, ನಾನು ಆಬ್ಸ್ಟಿನೇಟ್ ಆದೆ. ಅಂದೇ ಬಿಚ್ಚಿ ನೋಡಿದರೆ ಬ್ರೇಕಿನ ಪಟ್ಟಿ ಸವೆದು ಕಾಗದದಷ್ಟಾಗಿತ್ತು. ಅದು ವರದಿಯಲ್ಲಿಲ್ಲ, ನನಗೆ ನೋವಾದದ್ದು ಅಲ್ಲಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಹಠಮಾರಿ, ಒಪ್ಪಿದೆ. ಎಣಿಸಿ ನೋಡಿ ನಾಲ್ಕು ಎಂದವನೂ ಹಠಮಾರಿಯೇ?

ನಾನು ರಜೆ ಹಾಕಿದ ದಿನ ಯಾರೂ ಮೂಟೆ ಹೇರುವುದಿಲ್ಲ. ಆ ದಿನ ತಾವು ನಾಲ್ಕನೇ ಮಹಡಿಯ ತಮ್ಮ ಕೋಣೆಗೆ ಮೆಟ್ಟಿಲು ಹತ್ತಿ ಹೋಗುತ್ತೀರಂತೆ. "ವ್ಯಾಯಾಮ ಅಂತಾರೆ. ನೀವು ಡ್ಯೂಟಿಗೆ ಬಂದ ದಿನ ಮಾತ್ರ ವ್ಯಾಯಾಮ ಇರಲ್ಲ" ಎಂದರು ಮೂರನೇ ಮಹಡಿಯ ನರ್ಸಮ್ಮ. ರೋಗಿಗಳು ಆಗಲೂ ಲಿಫ್ಟಿನಲ್ಲೇ ಹೋಗುತ್ತಾರೆ.

ನನ್ನ ನಿವೃತ್ತಿಗೆ ಎರಡು ವರ್ಷವಿದೆ. ಮೇಲ್ವಿಚಾರಕನಾದರೆ ಮೂಟೆಯ ಪರೀಕ್ಷೆಯನ್ನು ಎಲ್ಲರಿಗೂ ನಿಯಮ ಮಾಡಿ ಹೋಗಬಹುದು, ಇಲ್ಲವಾದರೆ ಅದು ನನ್ನ ಜೊತೆಗೇ ಮನೆಗೆ ಬರುತ್ತದೆ. ಆದ್ದರಿಂದ ಏಳು ಪದಗಳೂ ಇದ್ದಲ್ಲೇ ಇರಲಿ. ಪ್ರತಿಯೊಂದರ ಪಕ್ಕದಲ್ಲಿ, ಆ ವರ್ಷ ನಾನು ಯಾವುದಕ್ಕೆ ಒಪ್ಪಲಿಲ್ಲ ಎಂದು ಒಂದು ಸಾಲು ಬರೆಯಿರಿ, ಆಮೇಲೆ ಬಡ್ತಿಯ ಕಡತವನ್ನು ಮತ್ತೆ ತೆರೆಯಿರಿ. ಅದಾಗದೆಂದರೆ ಇನ್ನೊಂದು ದಾರಿಯಿದೆ. ಬರುವ ಸೋಮವಾರ ನನಗೆ ರಜೆ. ಅಂದು ತಾವು ಲಿಫ್ಟಿನಲ್ಲಿ ಹೋಗಿ.

ಇಂತಿ,
ತಮ್ಮ ಕಡತದಲ್ಲಿ ಬಗ್ಗದವನು,
ಲಿಫ್ಟಿನ ತಳದ ಗುಂಡಿಯಲ್ಲಿ ದಿನಾ ಬಗ್ಗಿ ಸೊಂಟ ಹೋದವನು