ಕನ್ನಡಕ ಕಳಚಿಟ್ಟು ‘ಕಾಣಿಸುತ್ತಾ?’ ಎಂದು ಕೇಳುವ ಅಧೀಕ್ಷಕರಿಗೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸುವ ಕೆಲಸವನ್ನು ತಮ್ಮ ಆಸ್ಪತ್ರೆಯ ಕಾರಿಡಾರುಗಳಲ್ಲಿ ಈಗಾಗಲೇ ಸಾಕಷ್ಟು ಮಾಡಿದ್ದೇನೆ. ತಮ್ಮ ತೀವ್ರ ನಿಗಾ ಘಟಕದಲ್ಲಿ ನನ್ನ ಅಕ್ಕನ ಕನ್ನಡಕವನ್ನೂ ಕಿವಿಯ ಯಂತ್ರಗಳನ್ನೂ ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಆಕೆ ಯಾರ ಮಾತೂ ಕೇಳುತ್ತಿಲ್ಲ, ಆದ್ದರಿಂದ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ತೀರ್ಮಾನಿಸಿದರು. ಬುದ್ಧಿ ಸ್ಥಿಮಿತದಲ್ಲಿಲ್ಲದ ಕಾರಣ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದರು. ಯಾಕೆ ಎಂದು ಕೇಳಿದರೆ ‘ಇದು ನಿಯಮ’ ಎಂದರು. ನಿಯಮ ಮಾಡಿದವರು ತಾವಂತೆ. ಹಾಗಾಗಿ ಈ ಪತ್ರ ತಮಗೆ, ಊರಿಗೆಲ್ಲ ಕೇಳಿಸುವ ಹಾಗೆ.

ನಾವು ದರ್ಜಿಗಳು. ಅಕ್ಕ ಅಳತೆ ತೆಗೆದು ಕತ್ತರಿ ಹಾಕುತ್ತಾಳೆ, ನಾನು ಗುಂಡಿ ಹಚ್ಚಿ ಇಸ್ತ್ರಿ ಮಾಡುತ್ತೇನೆ. ಬೀಗದ ಕೈ ಮಾಡುವವನ ಅಂಗಡಿಗೂ ಫೋಟೋ ತೆಗೆಯುವವನ ಅಂಗಡಿಗೂ ನಡುವೆ, ಇಬ್ಬರೂ ಒಟ್ಟಿಗೆ ತಿರುಗಿದರೆ ಮೊಣಕೈ ತಾಗುವಷ್ಟು ಜಾಗ ನಮ್ಮದು. ಚಿಕ್ಕಂದಿನಿಂದ ಹೊಲಿಗೆ ಯಂತ್ರಗಳ ನಡುವೆ ಕೂತು ಅಕ್ಕನ ಕಿವಿ ಹೋಗಿದೆ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಹಾಕಿ ಕಣ್ಣೂ ಹೋಗಿದೆ. ಅವಳ ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ, ಅದು ಸದಾ ಮೂಗಿನ ಮೇಲಿಂದ ಜಾರುತ್ತದೆ. ಅಕ್ಕ ಅದನ್ನು ತೋರುಬೆರಳಿನಿಂದ ಮೇಲಕ್ಕೆ ತಳ್ಳುತ್ತಲೇ ಇರುತ್ತಾಳೆ. ಕನ್ನಡಕ ಮೇಜಿನ ಮೇಲೆ ಇದ್ದಾಗಲೂ ತಳ್ಳುತ್ತಾಳೆ. ನಿದ್ದೆಯಲ್ಲಿ ತಳ್ಳಿದ್ದನ್ನು ನಾನೇ ಕಂಡಿದ್ದೇನೆ.

ಅವಳ ಇನ್ನೊಂದು ಅಭ್ಯಾಸವನ್ನೂ ತಾವು ತಿಳಿದಿರಬೇಕು. ಅಂಗಡಿಯ ಮೆಟ್ಟಿಲು ಹತ್ತಿದ ಯಾರೇ ಬಾಯಿ ತೆರೆಯಲಿ, ಅಕ್ಕ ತಲೆಯೆತ್ತದೆ ‘ಗುರುವಾರ ಬನ್ನಿ’ ಎನ್ನುತ್ತಾಳೆ. ಯಾವ ಗುರುವಾರ ಎಂದು ಕೇಳಿದ ಗಿರಾಕಿ ಈ ತನಕ ಹುಟ್ಟಿಲ್ಲ, ಕೇಳಿದ್ದರೆ ಅಕ್ಕನಿಗೂ ಗೊತ್ತಿರುತ್ತಿರಲಿಲ್ಲ. ದರ್ಜಿಯ ಬಾಯಲ್ಲಿ ಗುರುವಾರ ಎಂದರೆ ವಾರದ ದಿನವಲ್ಲ, ಸದ್ಯಕ್ಕೆ ನನ್ನನ್ನು ಬಿಡಿ ಎಂಬ ಪ್ರಾರ್ಥನೆ. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತು, ತಮ್ಮ ಕಸುಬಿನವರಿಗೆ ಗೊತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ‘ಬರೀ ಫ್ಲೂ’ ಎಂದರು ಬೀಗದವರು. ‘ಬರೀ ಫ್ಲೂ’ ಎಂದರು ಫೋಟೋದವರು. ವಾದ್ಯವೃಂದದವರ ಕೋಟುಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದರಿಂದ ಅಕ್ಕನೂ ಹಾಗೇ ಅಂದಳು. ಮೈಯೆಲ್ಲ ನೋವು, ಕೆಮ್ಮು, ಆದರೂ ಕೈಯಲ್ಲಿ ಕತ್ತರಿ. ಒಂದು ಮಧ್ಯಾಹ್ನ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದವಳು, ಆ ಗೆರೆ ಎಳೆದದ್ದಕ್ಕೇ ಸುಸ್ತಾಗಿ ಕುರ್ಚಿಯಲ್ಲಿ ಕುಸಿದಳು. ತುಟಿ ನೀಲಿಗಟ್ಟಿತ್ತು. ಗಾಡಿ ಹಿಡಿದು ತಮ್ಮಲ್ಲಿಗೆ ತಂದೆ.

‘ಬರೀ’ ಎಂಬ ಪದವನ್ನು ಅಂದಿನಿಂದ ನಾನು ಬಳಸುತ್ತಿಲ್ಲ. ಆ ಫ್ಲೂ ಒಂಟಿಯಾಗಿ ಬಂದಿರಲಿಲ್ಲ, ನೆಂಟರಿಷ್ಟರನ್ನೆಲ್ಲ ಹಿಂದೆ ಕಟ್ಟಿಕೊಂಡು ಬಂದಿತ್ತು. ವೈರಸ್ಸು ಶ್ವಾಸಕೋಶದ ಬಾಗಿಲು ಮುರಿದಿತ್ತು, ಆ ಬಾಗಿಲಿಂದ ಬ್ಯಾಕ್ಟೀರಿಯಾಗಳು ಒಳಗೆ ಬಂದು ನ್ಯುಮೋನಿಯಾ ಆಯಿತು. ಮುಖಕ್ಕೆ ಕಟ್ಟಿದ ಆಮ್ಲಜನಕ ಸಾಲಲಿಲ್ಲ. ಗಂಟಲಿಗೆ ನಳಿಗೆ ಇಳಿಸಿ ಯಂತ್ರದಿಂದ ಉಸಿರಾಡಿಸಿದರು. ಅದನ್ನು ನೋಡಿ ಮೂತ್ರಪಿಂಡಗಳು ಮುನಿಸಿಕೊಂಡವು. ಹೃದಯ ತಾಳ ತಪ್ಪಿತು. ಒಬ್ಬೊಬ್ಬ ಹೊಸ ನೆಂಟ ಬಂದಾಗಲೂ ದೊಡ್ಡ ಡಾಕ್ಟರು ಹೊರಗೆ ಬಂದು ಅವನ ಹೆಸರು ಹೇಳುತ್ತಿದ್ದರು, ನಾನು ಅರ್ಥವಾದವನಂತೆ ತಲೆಯಾಡಿಸಿ ಆಮೇಲೆ ಕಾವಲುಗಾರನನ್ನು ಕೇಳುತ್ತಿದ್ದೆ. ಆ ಡಾಕ್ಟರು, ಆ ದಾದಿಯರು ಅಕ್ಕನನ್ನು ಸಾವಿನ ಬಾಯಿಂದ ಎಳೆದು ತಂದರು. ಅವರಿಗೆ ಕೈಮುಗಿಯುತ್ತೇನೆ. ನನ್ನ ಜಗಳ ಅವರ ಜೊತೆಗಲ್ಲ, ಬಾಗಿಲ ಮೇಲಿನ ಆ ಫಲಕದ ಜೊತೆಗೆ: ‘ರೋಗಿಗಳ ಸ್ವಂತ ವಸ್ತುಗಳಿಗೆ ಒಳಗೆ ಪ್ರವೇಶವಿಲ್ಲ.’

ಸ್ವಂತ ವಸ್ತು ಎಂದರೆ ಏನು ಸ್ವಾಮಿ? ಅಕ್ಕನ ಕೈಚೀಲ ಸ್ವಂತ ವಸ್ತು, ಒಪ್ಪಿದೆ. ಚಪ್ಪಲಿ, ಒಪ್ಪಿದೆ. ಕಟ್ಟಿಸಿದ ಹಲ್ಲಿನ ಬಗ್ಗೆಯೂ ನನ್ನ ತಕರಾರಿಲ್ಲ, ಗಂಟಲಿಗೆ ನಳಿಗೆ ಇಳಿಯುವಾಗ ಹಲ್ಲಿಗೆ ಅಲ್ಲೇನು ಕೆಲಸ? ಆದರೆ ಕಣ್ಣಿನ ನೋಟ, ಕಿವಿಯ ಕೇಳುವ ಶಕ್ತಿ? ಎಚ್ಚರ ಬಂದ ಮೇಲೂ ಅವನ್ನು ಹೊರಗಿಡುವುದಾದರೆ, ಅದೇ ನ್ಯಾಯಕ್ಕೆ ತಮ್ಮವರು ಕುಂಟುವವರ ಕಾಲನ್ನು ಯಾಕೆ ಹೊರಗಿಡುವುದಿಲ್ಲ?

ಔಷಧದ ಮಂಪರು ಇಳಿಸಿ ಅಕ್ಕನನ್ನು ಎಚ್ಚರಿಸಿದರು. ನಳಿಗೆ ಇನ್ನೂ ಗಂಟಲಲ್ಲೇ ಇತ್ತು, ಮಾತು ಬರುವಂತಿರಲಿಲ್ಲ. ಕಣ್ಣು ಬಿಟ್ಟವಳ ಎದುರು ಏನಿತ್ತು? ಬಿಳಿ ಮಬ್ಬು. ಮಬ್ಬಿನೊಳಗೆ ಓಡಾಡುವ ಬಿಳಿ ಮಬ್ಬುಗಳು. ತುಟಿ ನೋಡಿ ಮಾತು ತಿಳಿಯುವ ವಿದ್ಯೆ ಅವಳಿಗೆ ಚೆನ್ನಾಗಿ ಗೊತ್ತು, ಆದರೆ ತುಟಿಗಳೆಲ್ಲ ಮಾಸ್ಕಿನ ಹಿಂದೆ. ಅದು ಬೇಕೇ ಬೇಕು, ಬಿಡಿ. ಕಣ್ಣು ಮಂಜಾದರೆ ಅಕ್ಕ ಏನು ಮಾಡುತ್ತಾಳೆ ಎಂದು ಆಗಲೇ ಹೇಳಿದೆ. ತೋರುಬೆರಳನ್ನು ಮೂಗಿನತ್ತ ಒಯ್ದಳು. ದಾದಿ ಓಡಿ ಬಂದು ಕೈ ಹಿಡಿದಳು. ಮತ್ತೆ ಒಯ್ದಳು, ಮತ್ತೆ ಹಿಡಿದಳು. ಒಮ್ಮೆ ಬೆರಳು ಮೂಗನ್ನು ಮುಟ್ಟಿದಾಗ ಅಲ್ಲಿ ಕನ್ನಡಕದ ಬದಲು ಆಹಾರದ ನಳಿಗೆ ಸಿಕ್ಕಿತು. ಇದೇನಪ್ಪ ಹೊಸದು ಎಂದು ಅದನ್ನು ಎಳೆದು ತೆಗೆದೇಬಿಟ್ಟಳು. ಇದು ತಪ್ಪು, ಒಪ್ಪಿಕೊಳ್ಳುತ್ತೇನೆ. ಆಮೇಲೆ ಕೈ ಕಟ್ಟಿದರು.

‘ನಿಮ್ಮ ಅಕ್ಕ ತುಂಬಾ ಹಠ ಮಾಡ್ತಾರೆ. ಸುಮ್ನೆ ಸುಮ್ನೆ ನಳಿಗೆ ಕೀಳೋಕೆ ಹೋಗ್ತಾರೆ,’ ಎಂದಳು ಆ ದಾದಿ. ಎತ್ತರದ ಹುಡುಗಿ, ಪಾಪ, ನಿದ್ದೆಗೆಟ್ಟು ಕಣ್ಣು ಊದಿತ್ತು.

‘ಹೇಗೆ ಕೈ ಎತ್ತುತ್ತಾಳೆ, ತೋರಿಸಮ್ಮ,’ ಎಂದೆ.

ತೋರಿಸಿದಳು. ತೋರುಬೆರಳು, ಮೂಗಿನ ನಡುವೆ, ಮೇಲ್ಮುಖವಾಗಿ ಒಂದು ನೂಕು.

‘ಅಯ್ಯೋ, ಅದು ಕನ್ನಡಕ ಸರಿ ಮಾಡ್ಕೊಳ್ಳೋದು!’

‘ಕನ್ನಡಕವೇ ಇಲ್ವಲ್ಲ?’

‘ಇಲ್ಲ ಅಂತ ಅವಳಿಗೆ ಕಾಣಬೇಕಲ್ಲ, ತಾಯಿ!’

ಅವಳಿಗೆ ನಗು ಬಂತು, ಆದರೆ ಫಲಕಕ್ಕೆ ಬರಲಿಲ್ಲ. ‘ಮೇಲಿನವರನ್ನ ಕೇಳಬೇಕು ಅಣ್ಣ,’ ಎಂದಳು. ಆ ಮೇಲಿನವರು ತಾವು.

ಮುಂದೆ ಗಂಟಲಿನ ನಳಿಗೆ ತೆಗೆದರು. ಈಗ ಅಕ್ಕನ ಬುದ್ಧಿಯ ಪರೀಕ್ಷೆ. ಒಂದಷ್ಟು ಅಕ್ಷರ ಹೇಳುತ್ತಾರೆ, ಇಂಥ ಅಕ್ಷರ ಬಂದಾಗ ಕೈ ಒತ್ತಬೇಕು. ಕಿವಿಯೇ ಇಲ್ಲದವಳು ಯಾವ ಅಕ್ಷರಕ್ಕೆ ಒತ್ತಬೇಕು? ಅಕ್ಕ ಮರ್ಯಾದೆಗೆ ಕಮ್ಮಿಯಿಲ್ಲದವಳು, ಕೈ ಹಿಡಿದವರಿಗೆಲ್ಲ ಒಂದೇ ಸಮ ಒತ್ತಿದಳು. ಗಡಿಯಾರ ನೋಡಿ ಹೊತ್ತು ಹೇಳಿ ಎಂದರೆ ಗಡಿಯಾರ ಇರುವುದು ರೋಗಿಗಳ ತಲೆಯ ಹಿಂದಿನ ಗೋಡೆಯಲ್ಲಿ. ಕೊನೆಗೆ ದೊಡ್ಡ ಡಾಕ್ಟರು ಬಗ್ಗಿ, ಗಟ್ಟಿಯಾಗಿ, ‘ಇವತ್ತು ಯಾವ ದಿನ ಅಮ್ಮಾ?’ ಎಂದರು. ಎದುರಿಗೆ ಕೋಟು ತೊಟ್ಟ ಒಂದು ಆಕೃತಿ ಬಂದು ಏನೋ ಕೇಳುತ್ತಿದೆ ಎಂಬುದಷ್ಟೇ ಅಕ್ಕನಿಗೆ ತಿಳಿದದ್ದು.

‘ಗುರುವಾರ,’ ಎಂದಳು. ಅಂದು ಶನಿವಾರ.

ಮರುದಿನವೂ ಗುರುವಾರ. ಅದರ ಮರುದಿನವೂ ಗುರುವಾರ. ಜೊತೆಗೆ ಆ ಡಾಕ್ಟರಿಗೇ, ‘ಉಸಿರು ಬಿಗಿ ಹಿಡೀಬೇಡಿ, ಸಡಿಲ ಬಿಡಿ, ಇಲ್ಲಾಂದ್ರೆ ಎದೆಯ ಅಳತೆ ತಪ್ಪುತ್ತೆ,’ ಎಂದು ಬುದ್ಧಿ ಹೇಳಿದಳಂತೆ. ಡಾಕ್ಟರು ಗಂಭೀರ ಮುಖದಿಂದ ಹೊರಗೆ ಬಂದರು. ‘ನೋಡಿ, ಉಸಿರಾಟ ಸುಧಾರಿಸಿದೆ. ಆದ್ರೆ ತಲೆ ಸರಿಯಾಗ್ತಿಲ್ಲ. ಇಂಥ ಕಾಯಿಲೆಯಲ್ಲಿ ಮೆದುಳಿಗೂ ಪೆಟ್ಟು ಬೀಳಬಹುದು. ಮೊದಲಿನ ಹಾಗೆ ಆಗ್ತಾರೆ ಅಂತ ನಾನು ಹೇಳಲಾರೆ.’

ಇಲ್ಲಿ ತಮಾಷೆಯನ್ನು ಪಕ್ಕಕ್ಕಿಡುತ್ತೇನೆ. ನಮ್ಮ ತಾಯಿ ತೀರಿಕೊಂಡ ಮೇಲೆ ನನಗೆ ಅಂಗಿ ಹೊಲಿದು ಹಾಕಿದವಳು, ಸೂಜಿಗೆ ದಾರ ಪೋಣಿಸಲು ಕಲಿಸಿದವಳು, ತಪ್ಪು ಹೊಲಿದರೆ ಕಿವಿ ಹಿಂಡಿದವಳು ಅಕ್ಕ. ಅವಳು ಸತ್ತರೆ ಎಂದು ಹೆದರಿದ್ದೆ. ಬದುಕಿಯೂ ನನ್ನನ್ನು ಗುರುತಿಸದೆ ಹೋದರೆ ಎಂಬ ಹೆದರಿಕೆ ಅದಕ್ಕಿಂತ ಕೆಟ್ಟದ್ದಾಗಿತ್ತು. ಅಂಗಡಿಯ ಬಾಗಿಲು ತೆಗೆಯಲೂ ಮನಸ್ಸಾಗದೆ, ತಮ್ಮ ಘಟಕದ ಹೊರಗಿನ ಬೆಂಚಿನ ಮೇಲೆ ಕೂತು ಅತ್ತಿದ್ದೇನೆ.

ಕಡೆಗೆ ತಮ್ಮನ್ನೇ ಕಂಡೆ. ನೆನಪಿರಲಿಕ್ಕಿಲ್ಲ, ದಿನಕ್ಕೆ ಎಷ್ಟು ಜನ ಬರುತ್ತಾರೋ. ಅಕ್ಕನ ಕನ್ನಡಕವನ್ನು ಒಳಗೆ ಬಿಡಿ ಎಂದೆ. ‘ಸೋಂಕಿನ ಪ್ರಶ್ನೆ. ಭಾವುಕರಾಗಬೇಡಿ,’ ಎಂದಿರಿ. ಒಳಗೆ ಹೋಗಿ ಬರುವ ಡಾಕ್ಟರುಗಳ ಮೂಗಿನ ಮೇಲೂ ಕನ್ನಡಕ ಇದೆಯಲ್ಲ, ಕ್ರಿಮಿಗಳು ಪದವಿ ನೋಡಿ ಹತ್ತುತ್ತವೆಯೇ ಎಂದೆ. ಅವನ್ನು ಸ್ಪಿರಿಟ್ಟಿನಿಂದ ಒರೆಸುತ್ತಾರೆ ಎಂದಿರಿ. ಅದೇ ಸ್ಪಿರಿಟ್ಟು ದರ್ಜಿಯ ಗಾಜಿಗೆ ಹತ್ತುವುದಿಲ್ಲವೇ ಎಂದೆ. ತಮಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡಿರಿ. ಅಷ್ಟರಲ್ಲಿ ಫೋನು ಬಂತು, ಆಮೇಲೆ ಕನ್ನಡಕ ಎಲ್ಲಿಟ್ಟೆ ಎಂದು ಗೊತ್ತಾಗದೆ ತಮ್ಮ ಕೈ ಮೇಜಿನ ಮೇಲೆಲ್ಲ ತಡಕಾಡಿತು. ಚಹಾದ ಲೋಟ ಉರುಳಿತು. ‘ಯಾರು, ಯಾರಲ್ಲಿ?’ ಎಂದು ನನ್ನನ್ನೇ ಕೇಳಿದಿರಿ. ತಮಗೂ ಗೊಂದಲ, ಸ್ಥಳದ ಅರಿವಿಲ್ಲ, ಕೈ ಸುಮ್ಮನಿರುತ್ತಿಲ್ಲ. ಆದರೂ ಯಾರೂ ಬಂದು ತಮ್ಮ ಕೈ ಕಟ್ಟಲಿಲ್ಲ. ಕನ್ನಡಕವನ್ನು ಎತ್ತಿ ತಮ್ಮ ಕೈಗೆ ಕೊಟ್ಟವನು ನಾನು.

ಕೊನೆಗೆ ಅಕ್ಕ ಹೊರಬಂದದ್ದು ಹೇಗೆಂದು ತಾವು ವಿಚಾರಿಸಿದ್ದೀರಾ? ಒಂದು ಬೆಳಿಗ್ಗೆ ದೊಡ್ಡ ಡಾಕ್ಟರು ಎಂದಿನಂತೆ ದಿನ ಕೇಳಿದರು. ಅಕ್ಕ ಎಂದಿನಂತೆ ಗುರುವಾರ ಎಂದಳು. ಅಂದು ನಿಜವಾಗಿಯೂ ಗುರುವಾರ. ಸುತ್ತ ನಿಂತವರಿಗೆಲ್ಲ ಸಂತೋಷವೋ ಸಂತೋಷ. ‘ಸುಧಾರಿಸಿದ್ದಾರೆ, ವಾರ್ಡಿಗೆ ಕಳಿಸಿ’ ಎಂದು ಅಪ್ಪಣೆಯಾಯಿತು. ಇದು ತಮ್ಮ ವಿಜ್ಞಾನ. ಇದೇ ಪರೀಕ್ಷೆಯನ್ನು ಶುಕ್ರವಾರಕ್ಕೆ ಮುಂದೂಡಿದ್ದರೆ ನನ್ನ ಅಕ್ಕ ಇನ್ನೊಂದು ವಾರ ಹುಚ್ಚಿಯಾಗಿರುತ್ತಿದ್ದಳು.

ವಾರ್ಡಿನ ಬಾಗಿಲಲ್ಲಿ ಫಲಕವಿರಲಿಲ್ಲ. ಕನ್ನಡಕವನ್ನು ಒರೆಸಿ ಮೂಗಿಗೆ ಏರಿಸಿದೆ, ಯಂತ್ರಗಳನ್ನು ಕಿವಿಗೆ ಸಿಕ್ಕಿಸಿದೆ. ಅಕ್ಕ ಕಣ್ಣು ಕಿರಿದು ಮಾಡಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

‘ಗಡ್ಡ ಯಾಕೋ ಬಿಟ್ಟಿದ್ದೀಯ?’ ಎಂದಳು. ‘ಯಾರು ಹೋದ್ರು?’

ಮೂಗು ಒರೆಸಿಕೊಂಡೆ, ಅಂಗಿಯ ತೋಳಿನಲ್ಲಿ ಒರೆಸಿಕೊಂಡದ್ದಕ್ಕೆ ಬೈಸಿಕೊಂಡೆ.

ಕನ್ನಡಕವೊಂದರಿಂದಲೇ ಎಲ್ಲ ಸರಿಹೋಯಿತು ಎಂದು ನಾನು ಬೊಗಳೆ ಬಿಡುವುದಿಲ್ಲ. ಆಮೇಲೂ ಕೆಲವು ದಿನ ಅಕ್ಕ ವಾರ್ಡಿನ ಪರದೆಯನ್ನು ಹೊಲಿಯಲು ಬಂದ ಬಟ್ಟೆ ಎಂದು ತಿಳಿದು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು. ಕಾಯಿಲೆಯೂ ಔಷಧವೂ ನಿದ್ದೆಗೇಡೂ ಸೇರಿ ತಲೆಯನ್ನು ಹಾಗೆ ಕದಡುತ್ತವೆ, ತೀವ್ರ ಫ್ಲೂನಲ್ಲಿ ಅದೂ ಒಂದು ನಿಜವಾದ ತೊಡಕು ಎಂದು ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ನಂಬುತ್ತೇನೆ. ನನ್ನ ಪ್ರಶ್ನೆ ಇಷ್ಟೇ: ಅವಳ ಬುದ್ಧಿಯ ಅರ್ಧವನ್ನು ಜ್ವರ ತಿಂದಿತು, ಉಳಿದರ್ಧವನ್ನು ನಿಯಮ ಯಾಕೆ ತಿನ್ನಬೇಕಿತ್ತು?

ಈಗ ಅಕ್ಕ ಮನೆಯಲ್ಲಿದ್ದಾಳೆ. ನಾಲ್ಕು ಹೆಜ್ಜೆಗೆ ಏದುಸಿರು. ಶ್ವಾಸಕೋಶದಲ್ಲಿ ಕಲೆ ಉಳಿದಿದೆ, ತಪಾಸಣೆಗೆ ತಪ್ಪದೆ ಕರೆತನ್ನಿ, ಮುಂದಿನ ಚಳಿಗಾಲಕ್ಕೆ ಮುಂಚೆ ಲಸಿಕೆ ಹಾಕಿಸಿ, ಇನ್ನೊಂದು ಫ್ಲೂ ಬಂದರೆ ತಡೆಯುವ ಶಕ್ತಿ ಇಲ್ಲ ಎಂದಿದ್ದಾರೆ. ಆದರೆ ತಮ್ಮ ಕಟ್ಟಡದ ಹೆಸರೆತ್ತಿದರೆ ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಾಳೆ. ಸೂಜಿಗೆ ಹೆದರಿದವಳಲ್ಲ ಅವಳು. ನಳಿಗೆಯ ನೋವನ್ನೂ ಮರೆತಿದ್ದಾಳೆ. ನಿನ್ನೆ ಒತ್ತಾಯ ಮಾಡಿದಾಗ ಹೇಳಿದಳು: ‘ಬರ್ತೀನಿ. ಆದ್ರೆ ನಾನು ಏನು ತಪ್ಪು ಮಾಡಿದೆ ಅಂತ ಕಟ್ಟಿ ಹಾಕಿದ್ರು, ಅದನ್ನ ಮೊದಲು ಕೇಳಿಕೊಂಡು ಬಾ. ಅಷ್ಟು ದಿನ ಯೋಚನೆ ಮಾಡಿದೆ, ಯಾರದ್ದೋ ಬಟ್ಟೆ ಹಾಳು ಮಾಡಿರಬೇಕು ಅಂದ್ಕೊಂಡೆ. ಯಾರೂ ಹೇಳಲೇ ಇಲ್ಲ.’

ಹೇಳಿದ್ದರು, ಮಾನ್ಯರೇ. ಆ ಎತ್ತರದ ದಾದಿ ಪ್ರತಿ ಸಲ ಕೈ ಕಟ್ಟುವಾಗಲೂ ‘ಬೇಜಾರು ಮಾಡ್ಕೋಬೇಡಿ ಅಮ್ಮ, ನಳಿಗೆ ಬೀಳಬಾರದು ಅಂತ ಅಷ್ಟೇ’ ಎಂದು ಕಿವಿಯ ಹತ್ತಿರವೇ ಹೇಳುತ್ತಿದ್ದಳು. ಅವಳು ಬಗ್ಗಿ ಹೇಳುವುದನ್ನು ಗಾಜಿನಾಚೆಯಿಂದ ನಾನೇ ಕಂಡಿದ್ದೇನೆ, ಏನು ಹೇಳಿದ್ದೆಂದು ಆಮೇಲೆ ಅವಳನ್ನೇ ಕೇಳಿ ತಿಳಿದೆ. ಅಷ್ಟೊಳ್ಳೆಯ ಮಾತುಗಳೆಲ್ಲ ಖಾಲಿ ಕಿವಿಗೆ ಬಿದ್ದು ಹೋದವು, ನನ್ನ ಅಕ್ಕ ಮಾಡದ ತಪ್ಪನ್ನು ಹುಡುಕುತ್ತ ಮಲಗಿದ್ದಳು.

ಆದ್ದರಿಂದ ನನ್ನ ಆಗ್ರಹ. ಆ ಫಲಕವನ್ನು ಇಳಿಸಿ. ಎಚ್ಚರಗೊಂಡ ರೋಗಿಯ ಕೈ ಕಟ್ಟುವ ಮೊದಲು ಕನ್ನಡಕ ಹಾಕಿ, ಕಿವಿಗೆ ಯಂತ್ರ ಸಿಕ್ಕಿಸಿ, ಆಮೇಲೂ ಕಟ್ಟಲೇಬೇಕಾದರೆ ಯಾಕೆಂದು ತಿಳಿಯುವಂತೆ ಹೇಳಿ ಕಟ್ಟಿ. ಗಡಿಯಾರವನ್ನು ಎದುರು ಗೋಡೆಗೆ ತನ್ನಿ. ಇನ್ನೊಂದು ಕೆಲಸ ತಾವೇ ಮಾಡಬೇಕು. ಅಕ್ಕನಿಗೆ ನಾನು ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಳ್ಳುತ್ತಾಳೆ. ನಿಯಮ ಮಾಡಿದವರು ಒಮ್ಮೆ ನಮ್ಮ ಮನೆಗೆ ಬನ್ನಿ. ಅವಳ ಎದುರು ಬೆಳಕಿನಲ್ಲಿ ಕೂತು, ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳಿ: ‘ನೀವು ಏನೂ ತಪ್ಪು ಮಾಡಿರಲಿಲ್ಲ.’ ಅವಳಿಗೆ ಈಗ ಕೇಳಿಸುತ್ತದೆ.

ಇಂತಿ,
ಅಕ್ಕನ ಕಣ್ಣು ಕಿವಿಗಳನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಬಾಗಿಲ ಹೊರಗೆ ಕೂತಿದ್ದ,
ಈಚೆಗಷ್ಟೇ ಗಡ್ಡ ಬೋಳಿಸಿದ ತಮ್ಮ