ರನ್ನಿಂಗ್ ರೂಮ್ ಆದ ನರ್ಸಮ್ಮನ ಮನೆ

ರೈಲ್ವೆ ಕಾಲೊನಿ, ಹಿಂದಿನ ಸಾಲು
ಜೂನ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಆರೋಗ್ಯ ಹೇಗಿದೆ? ಜೈಲಿನ ಸಿಮೆಂಟು ನೆಲದಲ್ಲಿ ಮಲಗಿ ನಿನ್ನ ಸೊಂಟನೋವು ಹೆಚ್ಚಾಗಿರಬಹುದು. ಇನ್ನೊಂದು ಕಂಬಳಿ ಕೇಳಿ ತೆಗೆದುಕೋ, ಸಂಕೋಚ ಬೇಡ. ನಾನು ಚೆನ್ನಾಗಿದ್ದೇನೆ. ನಿನ್ನ ಮಗಳು ನನಗಿಂತ ಚೆನ್ನಾಗಿದ್ದಾಳೆ. ಶಾಲೆಯಿಂದ ಬಂದು ನನಗೇ ಪಾಠ ಹೇಳುತ್ತಾಳೆ.

ನಿಮ್ಮನ್ನೆಲ್ಲ ಜೈಲಿಗೆ ಹಾಕಿದ ಮೇಲೂ ಮುಷ್ಕರ ಗಟ್ಟಿಯಾಗಿದೆ. ಎಂಜಿನ್‌ಗಳು ಶೆಡ್ಡಿನಲ್ಲಿ ನಿಂತಲ್ಲೇ ನಿಂತಿವೆ. ಸಿಗ್ನಲ್ ಕ್ಯಾಬಿನ್ನಿಗೆ ನಿನ್ನ ಬದಲಿಗೆ ಹೊರಗಿನವನೊಬ್ಬನನ್ನು ಕರೆತಂದಿದ್ದರು. ಅವನು ಹಳಿ ಬದಲಿಸುವ ಲಿವರುಗಳ ಸಾಲು ನೋಡಿ, "ಇದು ನನ್ ಕೈಲಾಗಲ್ಲ ಸಾರ್" ಎಂದು ಬಂದ ಜೀಪಿನಲ್ಲೇ ವಾಪಸಾದ.

ಮುಷ್ಕರದಲ್ಲಿರುವವರ ಕ್ವಾರ್ಟರ್ಸ್ ಖಾಲಿ ಮಾಡಿಸುವ ನೋಟಿಸು ನಮ್ಮ ಬಾಗಿಲಿಗೂ ಬಂತು. ಆಸ್ಪತ್ರೆಯವರು ಕೆಲಸ ಬಿಡಬಾರದೆಂದು ನಿಮ್ಮ ಸಂಘವೇ ಹೇಳಿದ್ದರಿಂದ ಪಕ್ಕದ ನರ್ಸಮ್ಮನ ಮನೆಗೆ ನೋಟಿಸಿಲ್ಲ. ನಾನು ಓದಿ ಮುಗಿಸುವ ಮೊದಲೇ ಅವಳು ನಮ್ಮ ಪಾತ್ರೆಗಳನ್ನು ಎತ್ತಿಕೊಂಡಿದ್ದಳು. "ಏನ್ ತಾತ, ನಿಂತ್ಕೊಂಡು ನೋಡ್ತಿದ್ದೀರಾ? ಹಾಸಿಗೆ ಸುತ್ತಿ!" ಎಂದು ಗದರಿದಳು. ಬಾಯ್ಲರ್ ಮೇಸ್ತ್ರಿಯ ಸಂಸಾರವೂ ಗ್ಯಾಂಗ್‌ಮನ್ನನ ಸಂಸಾರವೂ ಅಲ್ಲಿಗೇ ಬಂದವು. ಅಧಿಕಾರಿ ಬೀಗ ಹಿಡಿದು ಬಂದಾಗ ನಮ್ಮ ಮನೆಯಲ್ಲಿ ಗೋಡೆಯ ಮೊಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. "ಸಾಮಾನೆಲ್ಲ ಎಲ್ರೀ?" ಎಂದ. "ಮನೆ ನಿಮ್ದು, ಬೀಗ ನಿಮ್ದು, ಹಾಕ್ಕೊಳ್ಳಿ ಸಾರ್" ಎಂದೆ.

ಎರಡು ಕೋಣೆಯಲ್ಲಿ ನಾಲ್ಕು ಸಂಸಾರ ಮಲಗುವುದು ಹೇಗೆ? ಅದಕ್ಕೆ ರನ್ನಿಂಗ್ ರೂಮಿನ ಪದ್ಧತಿ ತಂದೆ. ನಾನು ಡ್ರೈವರ್ ಆಗಿದ್ದಾಗ, ಪರಸ್ಥಳದಲ್ಲಿ ರೈಲು ಬಿಟ್ಟು ಇಳಿದ ನಾವೆಲ್ಲ ಮಲಗುತ್ತಿದ್ದುದು ಅಲ್ಲೇ. ಒಬ್ಬ ಎದ್ದರೆ ಇನ್ನೊಬ್ಬ ಅದೇ ಹಾಸಿಗೆಗೆ; ಹಾಸಿಗೆ ಆರುವುದೇ ಇಲ್ಲ. ಮಲಗಿದವರನ್ನು ಕೂಗಿ ಎಬ್ಬಿಸುವಂತಿಲ್ಲ, ಕಾಲಿನ ಹೆಬ್ಬೆರಳು ಮುಟ್ಟಬೇಕು. ಈಗ ರಾತ್ರಿ ಪಾಳಿ ಮುಗಿಸಿ ಬರುವ ನರ್ಸಮ್ಮನಿಗೆ ನಿನ್ನ ಮಗಳು ಜಾಗ ಬಿಟ್ಟು ಶಾಲೆಗೆ ಹೊರಡುತ್ತಾಳೆ. ಮೇಸ್ತ್ರಿಯ ಹೆಂಡತಿಯದು ಒಂದೇ ದೂರು: "ಎಂಜಿನ್ನೆಲ್ಲ ನಿಂತ್ರೂ ಈ ಡ್ರೈವರ್ ತಾತನ ಗೊರಕೆ ನಿಂತಿಲ್ಲ."

ನಮ್ಮ ಕಾಲದ ಮುಷ್ಕರ ನಿನಗೆ ನೆನಪಿರಲಾರದು, ನೀನಿನ್ನೂ ತೊಟ್ಟಿಲಲ್ಲಿದ್ದೆ. ನಾನು ಜೈಲಿನಲ್ಲಿದ್ದೆ, ಮನೆಗೆ ಬೀಗ ಬಿತ್ತು; ಅಕ್ಕಪಕ್ಕದವರು ಹೆದರಿ ಕದ ಹಾಕಿಕೊಂಡರು. ನಿನ್ನ ಅಮ್ಮ ನಿನ್ನನ್ನೆತ್ತಿಕೊಂಡು ಗೂಡ್ಸ್ ಶೆಡ್ಡಿನಲ್ಲಿ ದಿನ ಕಳೆದಳು. ಆ ನೆರೆಯವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬಾಗಿಲು ತೆರೆದರೆ ಹೇಗಿರುತ್ತದೆ ಎಂಬುದನ್ನು ಈ ವಯಸ್ಸಿನಲ್ಲಿ ನೋಡಿದೆ. ನರ್ಸಮ್ಮನಿಗೆ ಥ್ಯಾಂಕ್ಸ್ ಹೇಳಲು ಹೋದರೆ, "ಮೊದ್ಲು ನೀರು ತುಂಬಿ ತಾತ" ಎನ್ನುತ್ತಾಳೆ. ತುಂಬುತ್ತಿದ್ದೇನೆ. ಅವಳ ಋಣ ಬಕೆಟ್ಟಿನಲ್ಲಿ ತೀರುವುದಲ್ಲ, ಆದರೂ ತುಂಬುತ್ತಿದ್ದೇನೆ.

ಜೊತೆಯಲ್ಲಿರುವ ಹೆಣ್ಣುಮಕ್ಕಳಿಗೆಲ್ಲ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಪ್ಪ

ತಾ.ಕ.: ನರ್ಸಮ್ಮ ಕಾಗದ ಒಯ್ಯಲು ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಮ್ಮ ಮುಷ್ಕರದ ಹೊತ್ತಿನಲ್ಲಿ ಜೈಲಿಗೆ ಬಂದ ಅಧಿಕಾರಿಗಳು, "ನಿಮ್ಮ ಹೆಂಡ್ತಿ ಮಕ್ಳು ಬೀದಿಗೆ ಬಿದ್ದಿದ್ದಾರೆ, ತಪ್ಪಾಯ್ತು ಅಂತ ಸಹಿ ಹಾಕಿ" ಎನ್ನುತ್ತಿದ್ದರು. ನಿಜವೋ ಸುಳ್ಳೋ ತಿಳಿಯದೆ ಎಷ್ಟೋ ಜನ ಹಾಕಿದರು. ನಿನ್ನ ಹತ್ತಿರವೂ ಬರುತ್ತಾರೆ. ಬೀಗ ಬಿದ್ದದ್ದು ನಿಜ, ಬೀದಿ ಸುಳ್ಳು. ಸಹಿ ಹಾಕುವುದು ಬಿಡುವುದು ನಿನ್ನ ಬುದ್ಧಿಗೆ ಬಿಟ್ಟದ್ದು. ನಮಗೋಸ್ಕರ ಮಾತ್ರ ಹಾಕಬೇಡ.