ಚಾಟಿಯ ಮರುದಿನದ ಒಂದೂವರೆ ಪುಟ

ಮಾನ್ಯ ಶಾಲಾ ಪಠ್ಯ ಆಯ್ಕೆ ಮಂಡಳಿಯ ಅಧ್ಯಕ್ಷರೇ,

ನನ್ನ ಕಾದಂಬರಿಯ ಒಂಬತ್ತನೇ ಅಧ್ಯಾಯವನ್ನು ಮಕ್ಕಳ ಪಠ್ಯಕ್ಕೆ ಆರಿಸಿಕೊಂಡಿದ್ದೀರಿ, ಸಂತೋಷ. ಆದರೆ ಅದರ ಕೊನೆಯ ಒಂದೂವರೆ ಪುಟವನ್ನು ನನ್ನನ್ನೊಂದು ಮಾತೂ ಕೇಳದೆ ಕತ್ತರಿಸಿ ಹಾಕಿದ್ದೀರಿ. ಹಿಂದಿನ ಮೂರು ಪತ್ರಗಳಿಗೆ ಉತ್ತರವಿಲ್ಲದ ಕಾರಣ ಇದನ್ನು ಪತ್ರಿಕೆಗೇ ಕೊಡುತ್ತಿದ್ದೇನೆ.

ಆ ಅಧ್ಯಾಯದಲ್ಲಿ, ನದಿದಂಡೆಯ ಕಬ್ಬಿನ ತೋಟದಲ್ಲಿ, ಎದುರುತ್ತರ ಕೊಟ್ಟಳೆಂದು ಅಫಿಬಾ ಎಂಬ ಗುಲಾಮ ಹೆಂಗಸನ್ನು ಡಚ್ ದೊರೆ ಕಂಬಕ್ಕೆ ಕಟ್ಟಿಸಿ ಚಾಟಿಯಲ್ಲಿ ಹೊಡೆಸುತ್ತಾನೆ. ಇದರಲ್ಲಿ ಒಂದಕ್ಷರವನ್ನೂ ನೀವು ಮುಟ್ಟಿಲ್ಲ. ರಕ್ತ, ಕಿರುಚಾಟ, ಜಗಲಿಯಲ್ಲಿ ಕೂತ ದೊರೆಯ ಕಾಫಿ ಬಟ್ಟಲು, ಎಲ್ಲವೂ ಭದ್ರವಾಗಿವೆ. ಕತ್ತರಿ ಬಿದ್ದದ್ದು ಮರುದಿನದ ಬೆಳಗಿಗೆ. ಬೆನ್ನಿಗೆ ಬಟ್ಟೆ ತಾಗಿಸಲಾಗದ ಅಫಿಬಾ ತನ್ನ ತಲೆವಸ್ತ್ರಕ್ಕೆ ಮರಗೆಣಸಿನ ಗಂಜಿ ಹಾಕಿ, ‘ಆಡಿಕೊಳ್ಳಲಿ ಬಿಡು’ ಎಂಬ ಮಡಿಕೆಯಲ್ಲಿ ಕಟ್ಟಿ, ಅದೇ ಜಗಲಿಯ ಮುಂದೆ ಹಾದುಹೋಗುತ್ತಾಳೆ. ನಮ್ಮ ಹೆಂಗಸರ ತಲೆವಸ್ತ್ರದಲ್ಲಿ ಒಂದೊಂದು ಮಡಿಕೆಗೂ ಒಂದೊಂದು ಮಾತು. ದೊರೆಗೆ ಕಂಡದ್ದು ಬರೀ ಬಟ್ಟೆ. ಕಬ್ಬು ಕಡಿಯುತ್ತಿದ್ದ ಹೆಂಗಸರು ಅದನ್ನು ಓದಿಕೊಂಡು ಮುಸಿಮುಸಿ ನಕ್ಕರು.

“ಈ ಕ್ಷುಲ್ಲಕ ವಿವರದಿಂದ ಹಿಂಸೆಯ ತೀವ್ರತೆ ತಗ್ಗುತ್ತದೆ” ಎಂದು ಶಿಕ್ಷಕರ ಕೈಪಿಡಿಯಲ್ಲಿ ನಿಮ್ಮ ಟಿಪ್ಪಣಿ. ಅಬ್ಬಾ, ತಮ್ಮ ಕಾಳಜಿಯೇ! ಹೊಡೆಸಿದವನ ದರ್ಪವನ್ನು ಇಷ್ಟು ಭಕ್ತಿಯಿಂದ ಕಾಪಾಡಿದ ತಮಗೆ ಹೊಡೆಸಿಕೊಂಡವಳ ತಲೆ ಕ್ಷುಲ್ಲಕವಾಯಿತೇ? ಓದಿದ ಮಕ್ಕಳು ಅಳಬೇಕು, ಒಪ್ಪಿದೆ. ಅವಳು ಎಂಥವಳೆಂದೇ ತಿಳಿಯದೆ ಯಾರಿಗಾಗಿ ಅಳಬೇಕು?

ಕಳೆದ ತಿಂಗಳು ಇಲ್ಲೇ ನಮ್ಮ ರಾಜಧಾನಿ ಪರಮಾರಿಬೊದ ಶಾಲೆಯೊಂದರಲ್ಲಿ ಪಾಠ ಓದಲು ಕರೆದಿದ್ದರು. ಮುಗಿದ ಮೇಲೆ ಷಾರ್ಲೀನ್ ಎಂಬ ಹುಡುಗಿ ಎದ್ದು ನಿಂತಳು.

“ಅಜ್ಜಿ, ಅವಳು ಅಲ್ಲೇ ಸತ್ತೋದ್ಲಲ್ವಾ?”

“ಇಲ್ಲ ಕಣಮ್ಮ. ಆಮೇಲೆ ಮಕ್ಕಳನ್ನ ಹೆತ್ತಳು. ನನ್ನ ಅಜ್ಜಿಯ ಅಜ್ಜಿ ಅವಳು.”

“ಸುಮ್ನೆ ಹೇಳ್ಬೇಡಿ! ಪುಸ್ತಕದಲ್ಲಿ ಹಂಗಿಲ್ಲ.”

ಇಡೀ ತರಗತಿ ಅವಳ ಕಡೆಗೇ ಇತ್ತು.

ಮರುದಿನ ನಿಮ್ಮ ಕಚೇರಿಗೆ ಬಂದೆ, ಅಜ್ಜಿ ಕಲಿಸಿದ ಅದೇ ಮಡಿಕೆ ಕಟ್ಟಿಕೊಂಡು. ಹಿಂದೆಲ್ಲ ಹೀಗೆ ಮಾರುಕಟ್ಟೆಗೆ ಹೋದರೆ ಮೀನು ಮಾರುವವಳು ದೂರದಿಂದಲೇ “ಯಾರೇ ನಿನ್ನ ಕೆಣಕಿದ್ದು?” ಎಂದು ಕೂಗುತ್ತಿದ್ದಳು. ನಿಮ್ಮ ಗುಮಾಸ್ತೆ, ನಮ್ಮವಳೇ, “ಚೆನ್ನಾಗಿದೆ ಅಮ್ಮಾ, ಮನೇಲಿ ಏನ್ ಹಬ್ಬ?” ಎಂದಳು. ಅವಳದೇನು ತಪ್ಪು, ಅವಳೂ ನಿಮ್ಮ ಪಠ್ಯಗಳನ್ನೇ ಓದಿ ಬೆಳೆದವಳು. ಸಂಜೆಯವರೆಗೆ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಓಡಾಡಿದ ಒಬ್ಬರಿಗೂ ನನ್ನ ತಲೆಯ ಮೇಲಿನ ಮಾತು ಓದಲು ಬರಲಿಲ್ಲ. ಗಂಡ ತೀರಿಕೊಂಡಾಗಲೂ ನಾನು ಅಷ್ಟು ಒಂಟಿಯಾಗಿರಲಿಲ್ಲ. ನನಗೆ ಮಕ್ಕಳಿಲ್ಲ. ಆ ಮಡಿಕೆ ನನ್ನ ಕೈಯಲ್ಲೇ ನಿಂತುಹೋಗುತ್ತದೆ, ಆ ಪುಟದಲ್ಲಾದರೂ ಉಳಿಯಲೆಂದು ಬರೆದಿದ್ದೆ.

ಮುಂದಿನ ಮುದ್ರಣದಲ್ಲಿ ಆ ಒಂದೂವರೆ ಪುಟವನ್ನು ಮರಳಿ ಸೇರಿಸಿ. ಆಗದಿದ್ದರೆ ಇಡೀ ಅಧ್ಯಾಯವನ್ನೇ ನನಗೆ ಹಿಂದಿರುಗಿಸಿ. ಆ ದೊರೆ ಕೂಡ ಸಂಜೆಯಾಗುತ್ತಲೇ ಅವಳನ್ನು ಕಂಬದಿಂದ ಬಿಚ್ಚಿಸಿದ್ದ. ನೀವು ಇನ್ನೂ ಬಿಚ್ಚಿಲ್ಲ.

ಇಂತಿ,
ನಿಮ್ಮ ಪಠ್ಯದ ಪ್ರಕಾರ ಹುಟ್ಟಿಯೇ ಇರದ,
ಅಫಿಬಾಳ ಮೊಮ್ಮಗಳ ಮೊಮ್ಮಗಳು
ಕೊರ್ನೆಲಿಯಾ